ಬಂಗಾರ ಹಿಡಿದುಕೊಟ್ಟ ಪಾದರಸ

ರಬಕವಿಯ ನೇಕಾರನೂ ಶಿರಹಟ್ಟಿಯ ರೈತನೂ ಒಂದು ಕಾಲಕ್ಕೆ ಒಬ್ಬನೇ ಅರಸನ ಪ್ರಜೆಗಳು. ನಡುವೆ ಸುಮಾರು 150 ಕಿಲೋಮೀಟರ್ ಅಂತರವಿದ್ದರೂ ಎರಡೂ ಊರು ಸಾಂಗ್ಲಿಯ ಪಟವರ್ಧನರಿಗೆ ಸೇರಿದ್ದವು. ರಬಕವಿಗೆ ಅಂಟಿಕೊಂಡೇ ಇರುವ ಬನಹಟ್ಟಿ ಮಾತ್ರ ಜಮಖಂಡಿಯ ಪಟವರ್ಧನರದು. ಇಂದು ಒಂದೇ ನಗರಸಭೆಯ ಕೆಳಗಿರುವ ಜೋಡಿ ಊರು ಆಗ ಎರಡು ಸಂಸ್ಥಾನ. ಪಕ್ಕದ ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು, ಬೀಳಗಿಯಲ್ಲಿ ಬ್ರಿಟಿಷರು. ಕೌದಿಗೆ ಹೊಲಿದ ತುಂಡುಗಳಂತೆ ಹರಡಿಕೊಂಡಿದ್ದ ಈ ಸಂಸ್ಥಾನಗಳ ಪೈಕಿ ಸಾಂಗ್ಲಿಯ ಪಾಲಿಗೆ ಒಂದು ವಿಶೇಷ ಸಿಕ್ಕಿತ್ತು. ಶಿರಹಟ್ಟಿಯ ಕಡೆಯಿಂದ ಕಪ್ಪತಗುಡ್ಡದ ಸೆರಗು ಅದರ ಗಡಿಯೊಳಗೆ ಬರುತ್ತಿತ್ತು. ಆ ಗುಡ್ಡದಲ್ಲಿ ಬಂಗಾರವಿತ್ತು.

20ನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ಷೇರುದಾರರ ಹಣ ಕಪ್ಪತಗುಡ್ಡದ ಸುತ್ತಲಿನ ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಗಳಿಗೆ ಹರಿದು ಬಂತು. ಅಗೆದ ಗಣಿಗಳಲ್ಲಿ ಒಂದಕ್ಕೆ ಸಾಂಗ್ಲಿ ಮೈನ್ ಎಂದೇ ಹೆಸರಿಟ್ಟರು. ಭೂವಿಜ್ಞಾನಿಗಳ ವರದಿಗಳಲ್ಲಿ ಆ ಹೆಸರು ಇಂದಿಗೂ ಇದೆ. ಕಂಪನಿಗಳು ಕೆಲವೇ ವರ್ಷಗಳಲ್ಲಿ ಕೈಚೆಲ್ಲಿದವು. ಅಗೆದವರು ಯಾರು, ದುಡ್ಡು ಕಳೆದುಕೊಂಡವರು ಯಾರು ಎಂಬ ಲೆಕ್ಕ ಅಲ್ಲಲ್ಲಿ ಸಿಗುತ್ತದೆ. ಕಲ್ಲಿನೊಳಗಿನ ಕಣ್ಣಿಗೆ ಕಾಣದ ಚಿನ್ನವನ್ನು ಒಂದುಗೂಡಿಸಿ ಕೈಗೆ ಕೊಡುತ್ತಿದ್ದ ಪಾದರಸದ ಲೆಕ್ಕ ಮಾತ್ರ ಯಾರೂ ನೆಟ್ಟಗೆ ಇಟ್ಟಂತಿಲ್ಲ. ಕರ್ನಾಟಕದ ಚಿನ್ನದ ಚರಿತ್ರೆಯುದ್ದಕ್ಕೂ ಅದು ಹೀಗೇ ಬಂದು ಹೋಗುವ ದಲ್ಲಾಳಿ. ಕೆಲಸ ಮುಗಿದೊಡನೆ ಬೆಂಕಿಗೆ ಹಾಕಿ ಓಡಿಸಿಬಿಡುತ್ತಿದ್ದರು.

ಮುಧೋಳದಲ್ಲಿ ಚಿನ್ನ ಯಾಕಿಲ್ಲ, ಕಪ್ಪತಗುಡ್ಡದಲ್ಲಿ ಯಾಕಿದೆ ಎಂಬುದಕ್ಕೆ ಮೊದಲು ಸರಿಯಾದ ಉತ್ತರ ಕೊಟ್ಟವನು ರಾಬರ್ಟ್ ಬ್ರೂಸ್ ಫುಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಈ ಅಧಿಕಾರಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳನ್ನು ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಸುತ್ತಿ, 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಮೇಲೆ ದೊಡ್ಡ ವರದಿ ಪ್ರಕಟಿಸಿದ. ಮುಧೋಳ, ಲೋಕಾಪುರ, ಬಾಗಲಕೋಟೆ ಸುತ್ತಿನ ಬೆಣಚುಗಲ್ಲು, ಸುಣ್ಣಗಲ್ಲಿನ ಪದರುಗಳಿಗೆ ಕಲಾದಗಿ ಶಿಲಾವರ್ಗ ಎಂಬ ಹೆಸರು ಬಂದದ್ದು ಅವನಿಂದಲೇ. ಇವು ನೀರಿನಡಿ ಕುಳಿತ ಮರಳು, ಸುಣ್ಣದ ಕಲ್ಲುಗಳು. ಜಮಖಂಡಿ ದಾಟಿ ಉತ್ತರಕ್ಕೆ ಹೋದಂತೆ ಲಾವಾರಸ ಹೆಪ್ಪುಗಟ್ಟಿದ ಡೆಕ್ಕನ್ ಟ್ರಾಪ್ ಕಲ್ಲು, ಅದರ ಮೇಲೆ ಎರೆ ಭೂಮಿ. ಚಿನ್ನ ಕೂತಿರುವುದು ಇವೆರಡಕ್ಕಿಂತ ಬಹಳ ಹಳೆಯದಾದ, ಫುಟ್ ಮುಂದೆ ಧಾರವಾಡ ಎಂದು ಹೆಸರಿಸಿದ ಶಿಲೆಗಳ ಬೆಣಚು ಎಳೆಗಳಲ್ಲಿ. ಕಪ್ಪತಗುಡ್ಡವಿರುವ ಗದಗ, ಹಟ್ಟಿ, ಕೋಲಾರ ಮೂರೂ ಆ ಜಾತಿಯ ಕಲ್ಲಿನ ಮೇಲಿವೆ.

ಅದೇ ಫುಟ್ 1874ರಲ್ಲಿ ಡಂಬಳ ಗುಡ್ಡಗಳ, ಅಂದರೆ ಈ ಕಪ್ಪತಗುಡ್ಡದ ಸಾಲಿನ, ಚಿನ್ನದ ಬಗ್ಗೆ ಪ್ರತ್ಯೇಕ ಲೇಖನ ಬರೆದಿದ್ದ. ಸೊರಟೂರಿನ ಹಳ್ಳ, ಡೋಣಿಯ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮಣ್ಣು ತೊಳೆಯುತ್ತಿದ್ದ ಜಲಗಾರರನ್ನು ಅವನು ಕಂಡಿದ್ದ. ಅವರ ಸಲಕರಣೆ ಸರಳ: ಒಂದು ಗುದ್ದಲಿ, ಒಂದು ಬರಲು, ಮಣ್ಣು ಹೊರಲು ಮರದ ಬಟ್ಟಲು, ತೊಳೆಯಲು ಮರದ ದೋಣಿ. ಹಗುರ ಮಣ್ಣು ನೀರಿನ ಜೊತೆ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ. ಹೀಗೆ ತೊಳೆದೂ ತೊಳೆದೂ ಕೊನೆಗೆ ಉಳಿಯುವುದು ಒಂದು ಹಿಡಿ ಕರಿ ಮರಳು. ಅದು ಬಹುಪಾಲು ಕಬ್ಬಿಣದ ಆಕ್ಸೈಡು. ಅದರೊಳಗೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ.

ತೊಂದರೆ ಶುರುವಾಗುವುದು ಇಲ್ಲಿಯೇ. ಕರಿ ಮರಳೂ ಭಾರ, ಚಿನ್ನದ ಧೂಳು ಅತಿ ಸಣ್ಣದು. ಇನ್ನೂ ತೊಳೆಯಲು ಹೋದರೆ ಮರಳಿನ ಜೊತೆ ಚಿನ್ನವೂ ಕೊಚ್ಚಿ ಹೋಗುತ್ತದೆ. ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ವಯನಾಡು ಮತ್ತು ನೀಲಂಬೂರಿನ ಕಡೆ, ಹೊನ್ನು ತೊಳೆಯುವವರು ಈ ಹಂತದಲ್ಲಿ ಪಾದರಸದ ಮೊರೆ ಹೋಗುತ್ತಿದ್ದುದನ್ನು 19ನೇ ಶತಮಾನದ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಕರಿ ಮರಳಿಗೆ ನಾಲ್ಕು ಹನಿ ಪಾದರಸ ಬಿಟ್ಟು ಅಂಗೈಯಲ್ಲೋ ಚಿಪ್ಪಿನಲ್ಲೋ ತಿಕ್ಕಬೇಕು. ಪಾದರಸ ಮರಳನ್ನು ಮುಟ್ಟಿಯೂ ನೋಡದೆ ಉರುಳುತ್ತದೆ. ಚಿನ್ನದ ಕಣ ಸಿಕ್ಕಿದ ಕೂಡಲೇ ಅದಕ್ಕೆ ಅಂಟಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಹೊಳೆಯುವ ಹನಿ ಸ್ವಲ್ಪ ಹೊತ್ತಿನಲ್ಲಿ ಮಬ್ಬಾಗಿ, ಬೆಣ್ಣೆಯ ಹದಕ್ಕೆ ಬರುತ್ತದೆ. ಅದನ್ನು ದಟ್ಟ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಹೆಚ್ಚುವರಿ ಪಾದರಸ ಸಣ್ಣ ಸಣ್ಣ ಮಣಿಗಳಾಗಿ ಹೊರಬೀಳುತ್ತದೆ. ಒಳಗೆ ಉಳಿಯುವುದು ಬೂದುಬಿಳಿ ಗಟ್ಟಿ, ಅದರಲ್ಲಿ ಚಿನ್ನ ಅರ್ಧಕ್ಕಿಂತ ತುಸು ಕಡಿಮೆ. ಕೆಂಡದ ಮೇಲಿಟ್ಟರೆ 357 ಡಿಗ್ರಿ ಸೆಲ್ಸಿಯಸ್‌ಗೆ ಪಾದರಸ ಕುದಿದು ಆವಿಯಾಗಿ ಹೋಗುತ್ತದೆ. ತೂತುತೂತಾದ ಮಂಕು ಹಳದಿ ಉಂಡೆ ಉಳಿಯುತ್ತದೆ.

ಊದುಕೊಳವೆ ಹಿಡಿದು ಕೆಂಡದ ಪಕ್ಕ ಕೂತವನ ಮೂಗಿಗೆ ಆ ಆವಿಯ ವಾಸನೆ ಬರುವುದಿಲ್ಲ. ಪಾದರಸದ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಉತ್ತರ ಕರ್ನಾಟಕದ ಪತ್ತಾರರಿಗೆ ಈ ವಿದ್ಯೆ ಹೊಸದಲ್ಲ. ಅಕ್ಕಸಾಲಿಗರ ಓಣಿಯಲ್ಲಿ ಅಂಗಡಿಯ ಕಸ, ಮೂಸೆಯ ಬೂದಿ, ಚರಂಡಿಯ ರಾಡಿಯನ್ನು ಕೊಂಡು ತೊಳೆದು, ಪಾದರಸ ಹಾಕಿ ಚಿನ್ನದ ಚೂರು ಹೆಕ್ಕಿ ಬದುಕುವ ಜನ ಭಾರತದ ಬಹುತೇಕ ಪೇಟೆಗಳಲ್ಲಿದ್ದರು. ಪಾದರಸದ ಇನ್ನೊಂದು ಉಪಯೋಗ ಇದಕ್ಕೆ ತಿರುವುಮುರುವು. ಇಲ್ಲಿ ಚಿನ್ನವನ್ನು ಹುಡುಕಿ ತೆಗೆಯುವುದಲ್ಲ, ತಾಮ್ರದ ಮೇಲೆ ಹೊದಿಸುವುದು. ದೇವರ ಮುಖವಾಡಕ್ಕೆ, ಗುಡಿಯ ಕಳಸಕ್ಕೆ, ಸರದಾರನ ಕಠಾರಿಯ ಹಿಡಿಗೆ ಬಂಗಾರದ ನೀರು ಕುಡಿಸಬೇಕೆಂದರೆ, ವಿದ್ಯುತ್ತು ಇಲ್ಲದ ಕಾಲದಲ್ಲಿ ಪಾದರಸದ ದಾರಿಯೇ ಎಲ್ಲಕ್ಕಿಂತ ಗಟ್ಟಿಯಾದದ್ದು.

ತೆಳ್ಳಗೆ ಬಡಿದ ಚಿನ್ನದ ತಗಡನ್ನು ಚೂರು ಮಾಡಿ, ಒಂದು ಪಾಲು ಚಿನ್ನಕ್ಕೆ ಆರರಿಂದ ಎಂಟು ಪಾಲು ಬಿಸಿ ಪಾದರಸ ಸೇರಿಸಿ ಕಲಕುತ್ತಿದ್ದರು. ತಾಮ್ರವನ್ನು ಹುಳಿ ಹಚ್ಚಿ ಉಜ್ಜಿ, ಕಿಲುಬಿನ ಸುಳಿವೂ ಇಲ್ಲದಂತೆ ಮಾಡಿ, ಈ ಲೇಪವನ್ನು ಕುಂಚದಿಂದ ಬಳಿಯುತ್ತಿದ್ದರು. ಆಗ ಪಾತ್ರೆ ಬೆಳ್ಳಿಯಂತೆ ಕಾಣುತ್ತದೆ, ಚಿನ್ನದ ಗುರುತೇ ಇರುವುದಿಲ್ಲ. ಕೆಂಡದ ಮೇಲೆ ಹಿಡಿದು ತಿರುಗಿಸುತ್ತಾ ಹೋದಂತೆ ಬಿಳಿ ಬಣ್ಣ ಹೋಗಿ ಮಸುಕು ಹಳದಿ ಏಳುತ್ತದೆ. ಆಮೇಲೆ ಅಕೀಕಿನ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು. ಸ್ವಲ್ಪ ಪಾದರಸ ತಾಮ್ರದೊಳಕ್ಕೂ ಇಳಿದು ಎರಡು ಲೋಹಗಳನ್ನು ಬೆಸೆದಿರುವುದರಿಂದ ಈ ಲೇಪ ಶತಮಾನಗಳ ಕಾಲ ಕಿತ್ತು ಬರುವುದಿಲ್ಲ.

ಕೃಷ್ಣೆಯಾಚೆಯ ವಿಜಯಪುರ ಇಂಥ ಕೆಲಸಕ್ಕೆ ಹೆಸರಾಗಿತ್ತು. ಆದಿಲ್‌ಶಾಹಿ ಕಾಲದ ಚಿನ್ನಲೇಪದ ತಾಮ್ರದ ಹೂಜಿ, ತಬಕು, ಬಟ್ಟಲುಗಳು ಇಂದು ಲಂಡನ್, ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳಲ್ಲಿವೆ. ದಖ್ಖನಿನ ಲೋಹ ಕಲೆಯೆಂದರೆ ಬೀದರಿನ ಬಿದ್ರಿ ಒಂದೇ ಎಂದು ತಿಳಿದವರು ಇವನ್ನು ಒಮ್ಮೆ ನೋಡಬೇಕು. ಮುಧೋಳದ ಘೋರ್ಪಡೆಯವರು ಆ ದರಬಾರಿನ ಸರದಾರರಾಗಿದ್ದವರು. ಜಮಖಂಡಿ, ಬೀಳಗಿಗಳೂ ಆ ರಾಜ್ಯದ ಒಳಗೇ ಇದ್ದವು.

ಹಾಗಾದರೆ ಪಾದರಸ ಬರುತ್ತಿದ್ದುದು ಎಲ್ಲಿಂದ? ಭಾರತದಲ್ಲಿ ಪಾದರಸದ ಗಣಿ ಇಲ್ಲ. ಅದರ ಅದಿರಾದ ಇಂಗಳೀಕ, ಗಂಧಕದ ಜೊತೆ ಕೂಡಿದ ಕೆಂಪು ಕಲ್ಲು, ಸ್ಪೇನಿನ ಅಲ್ಮಾದೆನ್‌ನಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಅಗೆಯಲ್ಪಟ್ಟಿದೆ. ಚೀನಾದಲ್ಲೂ ಇದೆ. 1516ರ ಸುಮಾರಿಗೆ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಪಶ್ಚಿಮ ಕರಾವಳಿಯ ವ್ಯಾಪಾರವನ್ನು ವರ್ಣಿಸುವಾಗ ದಾಭೋಳ, ಭಟ್ಕಳಗಳಂಥ ಬಂದರುಗಳಿಗೆ ಹಡಗಿನಲ್ಲಿ ಬರುವ ಸರಕುಗಳಲ್ಲಿ ತಾಮ್ರ, ಪಾದರಸ, ಇಂಗಳೀಕಗಳನ್ನು ಒಟ್ಟಿಗೇ ಹೆಸರಿಸುತ್ತಾನೆ. ಕುದುರೆ ಮತ್ತು ಮೆಣಸಿನ ವ್ಯಾಪಾರದ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ಇತಿಹಾಸಕಾರರು ಈ ಮೂರರ ಮೇಲೆ ಅಷ್ಟು ಗಮನ ಕೊಟ್ಟಿಲ್ಲ. ಬಂದರಿನಲ್ಲಿ ಇಳಿದ ಪಾದರಸ ಎತ್ತುಗಳ ಬೆನ್ನೇರಿ ಘಟ್ಟ ಹತ್ತಿ ಒಳನಾಡಿಗೆ ಬರುತ್ತಿತ್ತು. ತೂಕಕ್ಕೆ ಹೋಲಿಸಿದರೆ ಗಾತ್ರ ಬಹಳ ಕಡಿಮೆ. ಒಂದು ಲೀಟರ್ ಪಾದರಸದ ತೂಕ ಹದಿಮೂರೂವರೆ ಕಿಲೋ.

ಇದನ್ನು ತುಂಬುವುದು ಯಾವುದರಲ್ಲಿ ಎಂಬುದರಲ್ಲೇ ಅರ್ಧ ರಸಾಯನಶಾಸ್ತ್ರವಿದೆ. ಚಿನ್ನ, ಬೆಳ್ಳಿ, ತವರ, ಸೀಸ, ಸತು ಇವೆಲ್ಲ ಪಾದರಸದಲ್ಲಿ ಕರಗುತ್ತವೆ. ತಾಮ್ರ ನಿಧಾನವಾಗಿ ಸೋಲುತ್ತದೆ. ಕಬ್ಬಿಣ ಮಾತ್ರ ಜಗ್ಗುವುದಿಲ್ಲ. ಹಾಗಾಗಿ ಪಾದರಸ ಲೋಕವೆಲ್ಲ ತಿರುಗಿದ್ದು ಕಬ್ಬಿಣದ ಸೀಸೆಗಳಲ್ಲಿ. ಒಂದು ಸೀಸೆಗೆ 76 ಪೌಂಡು, ಅಂದರೆ ಸುಮಾರು 34.5 ಕಿಲೋ. ಪಾದರಸದ ಅಂತರರಾಷ್ಟ್ರೀಯ ಧಾರಣೆಯನ್ನು ಈಗಲೂ ಆ ಸೀಸೆಯ ಲೆಕ್ಕದಲ್ಲೇ ಹೇಳುವ ರೂಢಿಯಿದೆ.

ಕೆಲವು ಲೋಹಗಳತ್ತ ಪಾದರಸಕ್ಕಿರುವ ಈ ಪಕ್ಷಪಾತವನ್ನು ನಮ್ಮ ರಸಶಾಸ್ತ್ರದವರು ಗಮನಿಸಿದ್ದರು. ಪಾದರಸಕ್ಕೆ ಅವರು ಹೇಳಿದ ಹದಿನೆಂಟು ಸಂಸ್ಕಾರಗಳಲ್ಲಿ ಚಿನ್ನವನ್ನು ಅದಕ್ಕೆ ಗ್ರಾಸವಾಗಿ ಕೊಡುವುದು, ಅದು ನುಂಗುವುದು, ಜೀರ್ಣಿಸಿಕೊಳ್ಳುವುದು ಎಂಬ ಹಂತಗಳೇ ಇವೆ. ಎಷ್ಟು ತುತ್ತು ಹಾಕಬೇಕು ಎಂಬುದಕ್ಕೂ ಅಳತೆಯಿದೆ. ಅವರ ಗುರಿ ದೇಹಸಿದ್ಧಿ, ಲೋಹಸಿದ್ಧಿ. ಆ ಗುರಿ ಮುಟ್ಟಿದರೆಂದು ನಂಬಬೇಕಾಗಿಲ್ಲ. ಕಣ್ಣಿಟ್ಟು ನೋಡಿದ್ದರೆಂಬುದರಲ್ಲಿ ಸಂಶಯವಿಲ್ಲ.

ಕೋಲಾರಕ್ಕೆ ಬಂದರೆ ಇದೇ ವಿದ್ಯೆ ಕಾರ್ಖಾನೆಯ ಗಾತ್ರಕ್ಕೆ ಬೆಳೆಯಿತು. 1802ರಲ್ಲಿ ಗಡಿ ಸರ್ವೇಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಚಿನ್ನದ ವದಂತಿ ಕೇಳಿ ಇನಾಮು ಸಾರಿದ. ಉರಿಗಾಂ ಕಡೆಯವರು ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ತೊಳೆಯುವ ಕೆಲಸ ಹೆಂಗಸರದು. ಮಾರಿಕುಪ್ಪದಲ್ಲಿ ಆಗಲೇ ಊರಿನವರು ಅಗೆದ ಗುಂಡಿಗಳಿದ್ದವು. ಆಮೇಲೆ ಎಪ್ಪತ್ತು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲವೆಲ್ 1873ರಲ್ಲಿ ಅಗೆಯುವ ಪರವಾನಗಿಗೆಂದು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮೊದಲ ಕೆಲವು ವರ್ಷ ನಷ್ಟವೋ ನಷ್ಟ. ಚಾಂಪಿಯನ್ ರೀಫ್ ಎಂಬ ಸಮೃದ್ಧ ಎಳೆ ಸಿಕ್ಕಿದ ಮೇಲೆ ಹಣೆಬರಹ ತಿರುಗಿತು.

ಗಣಿಯ ಬಗ್ಗೆ ಬರೆಯುವವರು ನೆಲದಾಳದ ಸೆಕೆ, ಕತ್ತಲು, ಬಂಡೆ ಸಿಡಿಯುವ ಅಪಾಯಗಳನ್ನು ವರ್ಣಿಸುತ್ತಾರೆ, ಅದು ನ್ಯಾಯವೇ. ಆದರೆ ಚಿನ್ನ ಚಿನ್ನವಾಗಿ ಕಾಣಿಸಿಕೊಳ್ಳುತ್ತಿದ್ದುದು ಮೇಲೆ, ಮಿಲ್ಲಿನಲ್ಲಿ. ಅಲ್ಲಿ ಹಗಲೂ ರಾತ್ರಿ ಒನಕೆಗಳ ಸದ್ದು. ಸಾಲಾಗಿ ನಿಂತ ಕಬ್ಬಿಣದ ಭಾರಿ ಒನಕೆಗಳು, ಒಂದೊಂದೂ ಸುಮಾರು ನಾಲ್ಕು ಕ್ವಿಂಟಲ್ ತೂಕದವು, ಯಂತ್ರದಿಂದ ಎತ್ತಲ್ಪಟ್ಟು ಅದಿರಿನ ಮೇಲೆ ಬೀಳುತ್ತಿದ್ದವು. ಕುಟ್ಟುವ ಒರಳಿಗೆ ನೀರಿನ ಜೊತೆ ಆಗಾಗ ಅಳತೆಯ ಪಾದರಸ ಬಿಡುತ್ತಿದ್ದರು. ನುಣ್ಣಗಾದ ಕೆಸರು ಜರಡಿ ದಾಟಿ ಇಳಿಜಾರಾಗಿ ಹಾಸಿದ ತಾಮ್ರದ ತಗಡುಗಳ ಮೇಲೆ ತೆಳ್ಳಗೆ ಹರಿಯಬೇಕು. ತಗಡಿಗೆ ಬೆಳ್ಳಿಯ ಲೇಪ, ಅದರ ಮೇಲೆ ಪಾದರಸದ ಲೇಪ. ಬರಿಯ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ, ಕಿಲುಬಿದ್ದ ಕಡೆ ಪಾದರಸ ಅಂಟುವುದಿಲ್ಲ. ಬೆಳ್ಳಿ ಅದನ್ನು ತಡೆಯುತ್ತದೆ. ಬೂದು ಕೆಸರು ಹರಿದು ಹೋಗುವಾಗ ಅದರೊಳಗಿನ ಚಿನ್ನದ ಕಣ ತಗಡಿನ ಪಾದರಸಕ್ಕೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ.

ನಿಗದಿಯಾದ ಹೊತ್ತಿಗೆ ನೀರು ನಿಲ್ಲಿಸಿ, ತಗಡಿನ ಮೇಲೆ ಕಟ್ಟಿಕೊಂಡ ಗಟ್ಟಿ ಪದರವನ್ನು ಕೆರೆದು ತೆಗೆಯುತ್ತಿದ್ದರು. ಈ ಕೆಸರಿನಂಥ ಮಿಶ್ರಣಕ್ಕೆ ಗಣಿಯಲ್ಲಿ ಅಮಾಲ್ಗಮ್ ಎಂದೇ ಹೆಸರು. ತೊಗಲಿನ ಚೀಲದಲ್ಲಿ ಹಿಂಡಿ, ಉಂಡೆ ಕಟ್ಟಿ, ಕಬ್ಬಿಣದ ಬಟ್ಟಿಯಲ್ಲಿಟ್ಟು ಕಾಯಿಸಿದರೆ ಪಾದರಸದ ಆವಿ ಕೊಳವೆಯಲ್ಲಿ ತಣ್ಣಗಾಗಿ ಮತ್ತೆ ಹನಿಯಾಗಿ ನೀರಿನ ತೊಟ್ಟಿಗೆ ಬೀಳುತ್ತದೆ. ಹಳ್ಳದ ದಂಡೆಯ ಜಲಗಾರನಿಗಿಂತ ಕಂಪನಿ ಇಲ್ಲಿ ಜಾಣ. ಕೊಂಡ ಸರಕನ್ನು ಅದು ಗಾಳಿಗೆ ಬಿಡುವುದಿಲ್ಲ, ಹಿಡಿದು ಮತ್ತೆ ಒರಳಿಗೆ ಸುರಿಯುತ್ತದೆ. ಹಾಗಿದ್ದೂ ಪೂರ್ತಿ ಹಿಡಿಯಲಾಗುತ್ತಿರಲಿಲ್ಲ. ಒನಕೆಯ ಪೆಟ್ಟಿಗೆ ಪಾದರಸ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಮತ್ತೆ ಒಂದಕ್ಕೊಂದು ಕೂಡದೆ, ಕೆಸರಿನ ಜೊತೆ ಹೊರಗೆ ಹೋಗುತ್ತಿತ್ತು. ಗಂಧಕ, ಆರ್ಸೆನಿಕ್ ಇರುವ ಅದಿರಾದರೆ ಹನಿಯ ಮೇಲೆ ಪೊರೆ ಕಟ್ಟಿ ಅದು ಕೆಲಸಕ್ಕೇ ಬಾರದಂತಾಗುತ್ತಿತ್ತು. ಇಂಥ ಪಾದರಸಕ್ಕೆ ಕಾಯಿಲೆ ಬಿದ್ದಿದೆ ಎಂದು ಇಂಗ್ಲಿಷ್ ಗಣಿಗಾರರು ಹೇಳುತ್ತಿದ್ದರು. ಅದರ ಆವಿ ಕುಡಿದ ಮನುಷ್ಯರ ಕಾಯಿಲೆಯ ಬಗ್ಗೆ ಅಷ್ಟು ಮಾತಿರಲಿಲ್ಲ. ಇಟಲಿಯ ವೈದ್ಯ ಬರ್ನಾರ್ದಿನೋ ರಮಜ್ಜೀನಿ ಕಸುಬುದಾರರ ರೋಗಗಳ ಬಗ್ಗೆ 1700ರಲ್ಲೇ ಪುಸ್ತಕ ಬರೆದು, ಚಿನ್ನದ ಲೇಪ ಹಾಕುವವರ ನಡುಗುವ ಕೈ, ಕುಸಿಯುವ ಮೈಯನ್ನು ಅದರಲ್ಲಿ ದಾಖಲಿಸಿದ್ದ.

ಕಂಪನಿಗೆ ಇದ್ದ ಚಿಂತೆ ಬೇರೆ, ಕಳವು. ಅದಿರು ಕದ್ದರೆ ಕುಟ್ಟಬೇಕು, ತೊಳೆಯಬೇಕು. ಅಮಾಲ್ಗಮ್ ಕದ್ದರೆ ಕೆಂಡದ ಮೇಲೆ ಇಡುವುದಷ್ಟೇ ಬಾಕಿ. ಒಂದು ಹಿಡಿ ಉಂಡೆಯಲ್ಲಿ ತಿಂಗಳುಗಟ್ಟಲೆ ಕೂಲಿಯಷ್ಟು ಬೆಲೆ. ಮೈಸೂರು ಸಂಸ್ಥಾನದ ಗಣಿ ಕಾನೂನು ಈ ಭಯವನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಅದಿರು, ಅಮಾಲ್ಗಮ್‌ನಂಥ ಗಣಿಯ ಸಾಮಗ್ರಿ ಯಾರ ಬಳಿಯಾದರೂ ಸಿಕ್ಕರೆ, ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಸಿಕ್ಕಿಬಿದ್ದವನದೇ. ಕಾರ್ಮಿಕರ ಮೇಲಿನ ಈ ಸಂಶಯ ಬೆಳೆಯುತ್ತಲೇ ಹೋಯಿತು. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ ಸಾವಿರಾರು ಗಣಿ ಕಾರ್ಮಿಕರು ಮೂರು ವಾರ ಕೆಲಸ ನಿಲ್ಲಿಸಿದರು.

ಅಷ್ಟರಲ್ಲಿ ಪಾದರಸದ ದರ್ಬಾರು ಇಳಿಯತೊಡಗಿತ್ತು. 1887ರಲ್ಲಿ ಗ್ಲಾಸ್ಗೋದ ಜಾನ್ ಮೆಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸಯನೈಡಿನ ತೆಳು ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ತಗಡಿನ ಪಾದರಸ ಬಿಟ್ಟುಕೊಟ್ಟ ಚಿನ್ನವೂ ಅದರಲ್ಲಿ ಸಿಗುತ್ತಿತ್ತು. ಕೋಲಾರಕ್ಕೆ ಅದು ಮುಂದಿನ ದಶಕದಲ್ಲೇ ಬಂತು. ಮೊದಲು ಪಾದರಸ, ಉಳಿದದ್ದಕ್ಕೆ ಸಯನೈಡು ಎಂದು ಎರಡೂ ಬಹುಕಾಲ ಜೊತೆಗೇ ನಡೆದವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಅಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತ್ತು. ಊರ ನಡುವೆ ಉಳಿದ ಬೂದು ಗುಡ್ಡಗಳನ್ನು ಜನ ಸಯನೈಡ್ ದಿಬ್ಬ ಎನ್ನುತ್ತಾರೆ. ಅದಕ್ಕಿಂತ ಮೊದಲು ಇದೇ ಮಿಲ್ಲುಗಳ ಕೆಸರಿಗೆ ಜಾರಿಹೋದ ಪಾದರಸದ ಹೆಸರಿನಲ್ಲಿ ಯಾವ ದಿಬ್ಬವೂ ಇಲ್ಲ.

ಇಷ್ಟೆಲ್ಲ ನಡೆಯುವಾಗ, ಪಾದರಸ ಚಿನ್ನವನ್ನು ಯಾಕೆ ಹಿಡಿಯುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಕೆಲಸ ಸಾಗುತ್ತಿತ್ತು.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಪಾದರಸ ತನ್ನೊಂದಿಗೇ ಹೇಗೆ ಕೂಡುತ್ತದೆ ಎಂಬುದರಲ್ಲಿ. 1896ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ತೆಳು ನೈಟ್ರಿಕ್ ಆಮ್ಲವನ್ನು ಪಾದರಸದ ಮೇಲೆ ಬಿಟ್ಟಿಟ್ಟಾಗ ಹಳದಿ ಹರಳುಗಳು ಮೂಡಿದವು. ಇರಲಾರದೆಂದು ಎಲ್ಲರೂ ಎಣಿಸಿದ್ದ ಮರ್ಕ್ಯುರಸ್ ನೈಟ್ರೈಟು ಅದು. ಈ ಬಗೆಯ ಲವಣಗಳಲ್ಲಿ ಪಾದರಸದ ಪರಮಾಣುಗಳು ಒಂಟಿಯಾಗಿರುವುದಿಲ್ಲ, ಎರಡೆರಡು ಬೆಸೆದುಕೊಂಡು ಜೋಡಿಯಾಗಿ ಇರುತ್ತವೆ. ಒಂದು ಲೋಹದ ಪರಮಾಣು ಇನ್ನೊಂದಕ್ಕೆ ನೇರವಾಗಿ ಅಂಟಿರುವ ಸಂಯುಕ್ತಗಳಲ್ಲಿ ಎಲ್ಲಕ್ಕಿಂತ ಮೊದಲು ಗುರುತಿಸಿದವುಗಳ ಸಾಲಿಗೆ ಇದು ಸೇರುತ್ತದೆ. ಅದೇ ರಾಯ್ 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ ಹೊರತಂದು, ರಸಗ್ರಂಥಗಳನ್ನು ಧೂಳು ಕೊಡವಿ ಓದುಗರ ಮುಂದಿಟ್ಟರು. ಪ್ರಯೋಗಶಾಲೆಯ ಪಾದರಸ ಮತ್ತು ತಾಳೆಗರಿಯ ಪಾದರಸ, ಎರಡನ್ನೂ ಒಬ್ಬನೇ ಮನುಷ್ಯ ಕೈಯಲ್ಲಿ ಹಿಡಿದದ್ದು ವಿಶೇಷ.

ಎರಡನೆಯ ಎಳೆ ಸಿಕ್ಕಿದ್ದು ಜಗ್ಗದ ಕಬ್ಬಿಣದಲ್ಲಿ. 1928ರಲ್ಲಿ ಜರ್ಮನಿಯ ಹಾಕ್ ಮತ್ತು ಸ್ಟುಲ್‌ಮನ್ ಎಂಬ ರಸಾಯನಜ್ಞರು ಕಬ್ಬಿಣದ ಕಾರ್ಬೊನಿಲ್‌ಗೆ, ಅಂದರೆ ಪರಮಾಣುವಿನ ಸುತ್ತ ಕಾರ್ಬನ್ ಮೊನಾಕ್ಸೈಡ್ ಅಣುಗಳು ಕೂತಿರುವ ಸಂಯುಕ್ತಕ್ಕೆ, ಪಾದರಸದ ಲವಣ ಸೇರಿಸಿ ಎರಡು ಲೋಹಗಳಿರುವ ಹೊಸ ವಸ್ತು ಪಡೆದರು. ಸೀಸೆಯಾಗಿ ಶತಮಾನಗಟ್ಟಲೆ ಪಾದರಸವನ್ನು ಹೊತ್ತರೂ ಸೋಕಿಸಿಕೊಳ್ಳದ ಕಬ್ಬಿಣ ಇಲ್ಲಿ ಅದರೊಂದಿಗೆ ನೇರ ಬಂಧ ಕಟ್ಟಿತ್ತು. ಗಟ್ಟಿ ಲೋಹದಲ್ಲಿ ಕಬ್ಬಿಣದ ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಪಾದರಸಕ್ಕಾಗಿ ಆ ಹಿಡಿತ ಸಡಿಲಿಸುವುದರಲ್ಲಿ ಲಾಭವಿಲ್ಲ. ಬಿಡಿ ಪರಮಾಣುವಾಗಿ, ಬೇರೆ ಅಣುಗಳ ನಡುವೆ ಕೂತಾಗ ವ್ಯವಹಾರವೇ ಬದಲಾಗುತ್ತದೆ.

ಆಮೇಲೆ ಕೋಬಾಲ್ಟು, ರುಥೇನಿಯಂ, ಆಸ್ಮಿಯಂಗಳ ಸರದಿ. ನಾಲ್ಕಾರು, ಹತ್ತಾರು ಲೋಹ ಪರಮಾಣುಗಳು ಒಟ್ಟಿಗೆ ಗುಂಪುಕಟ್ಟಿಕೊಂಡಿರುವ ಇಂಥ ಅಣುಗಳಿಗೆ ರಸಾಯನಜ್ಞರು ಕ್ಲಸ್ಟರ್ ಎನ್ನುತ್ತಾರೆ, ಕನ್ನಡದಲ್ಲಿ ಗುಚ್ಛ ಎನ್ನಬಹುದು. ಪಾದರಸ ಇವುಗಳಲ್ಲಿ ಬೆಸುಗೆಯ ಕೆಲಸ ಮಾಡುತ್ತದೆ. ಎರಡು ಗುಚ್ಛಗಳ ನಡುವೆ ನಿಂತು ಎರಡಕ್ಕೂ ಕೈಕೊಡುತ್ತದೆ. ಕೇಂಬ್ರಿಜ್‌ನಲ್ಲಿ ಜಾಕ್ ಲೂಯಿಸ್ ಮತ್ತು ಬ್ರಯಾನ್ ಜಾನ್ಸನ್ ತಂಡ 1980ರ ದಶಕದಲ್ಲಿ ತಯಾರಿಸಿದ ಒಂದು ಅಣುವಿನಲ್ಲಿ ಹದಿನೆಂಟು ಆಸ್ಮಿಯಂ ಪರಮಾಣುಗಳಿವೆ. ಒಂಬತ್ತರ ಎರಡು ಗುಂಪು, ನಡುವೆ ಮೂರು ಪಾದರಸ ಪರಮಾಣುಗಳ ಒಂದು ತ್ರಿಕೋನ. ಅದರ ಮೇಲೆ ಬೆಳಕು ಬಿದ್ದರೆ ಮೂರರಲ್ಲಿ ಒಂದು ಪಾದರಸ ಕಳಚಿಕೊಂಡು ಹೊರಗೆ ಬರುತ್ತದೆ, ಕತ್ತಲಲ್ಲಿಟ್ಟರೆ ಮತ್ತೆ ಒಳಗೆ ಸೇರುತ್ತದೆ. ಪತ್ತಾರನ ಕೆಂಡ ಮಾಡುತ್ತಿದ್ದ ಕೆಲಸ ಇಲ್ಲಿ ಒಂದೇ ಒಂದು ಪರಮಾಣುವಿನ ಮಟ್ಟದಲ್ಲಿ, ಬೆಂಕಿಯಿಲ್ಲದೆ ನಡೆಯುತ್ತದೆ.

ಇಂಥ ಸುಲಭದ ಬಂದುಹೋಗುವಿಕೆಗೆ ಕಾರಣ ಪಾದರಸದ ಹೊರಗಿನ ಎರಡು ಎಲೆಕ್ಟ್ರಾನುಗಳ ಸ್ವಭಾವ. ಭಾರಿ ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನುಗಳು ಬೆಳಕಿನ ವೇಗದ ದೊಡ್ಡ ಪಾಲಿನಷ್ಟು ವೇಗದಲ್ಲಿ ಸುತ್ತುವಾಗ ಐನ್‌ಸ್ಟೈನರ ಸಾಪೇಕ್ಷತಾ ನಿಯಮ ಲೆಕ್ಕಕ್ಕೆ ಬರುತ್ತದೆ. ಅದರಿಂದ ಹೊರಗಿನ ಜೋಡಿ ಒಳಕ್ಕೆ ಸೆಳೆಯಲ್ಪಟ್ಟು, ಹೊರಗಿನವರೊಂದಿಗೆ ಹಂಚಿಕೊಳ್ಳಲು ಹಿಂಜರಿಯುತ್ತದೆ. ಪಾದರಸದ ಪರಮಾಣುಗಳು ಒಂದನ್ನೊಂದು ಸಡಿಲವಾಗಿ ಹಿಡಿದಿರುವುದು, ಆ ಲೋಹ ಮೈನಸ್ 39 ಡಿಗ್ರಿಯವರೆಗೂ ದ್ರವವಾಗಿ ಉಳಿಯುವುದು ಇದರಿಂದಲೇ. 2013ರಲ್ಲಿ ನ್ಯೂಜಿಲೆಂಡಿನ ಪೀಟರ್ ಶ್ವೆರ್ಟ್‌ಫೆಗರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿದರು. ಸಾಪೇಕ್ಷತೆಯನ್ನು ಕೈಬಿಟ್ಟರೆ ಪಾದರಸ ಕರಗಬೇಕಾದ ಬಿಸಿ 82 ಡಿಗ್ರಿ ಎಂದು ಬಂತು. ಅಂಥ ಲೋಕದಲ್ಲಿ ಜಲಗಾರನ ಅಂಗೈಯಲ್ಲಿ ಪಾದರಸ ಒಂದು ಕಲ್ಲಾಗಿ ಕೂತಿರುತ್ತಿತ್ತು.

ಚಿನ್ನ ಆವರ್ತಕೋಷ್ಟಕದಲ್ಲಿ ಪಾದರಸದ ಪಕ್ಕದ ಮನೆ, ಒಂದು ಎಲೆಕ್ಟ್ರಾನು ಕಡಿಮೆ. ಅದೇ ಸಾಪೇಕ್ಷತೆ ಚಿನ್ನವನ್ನು ಎಲೆಕ್ಟ್ರಾನಿಗೆ ಹಸಿದ ಲೋಹವನ್ನಾಗಿ ಮಾಡಿದೆ. ತನ್ನವರೊಂದಿಗೇ ಸಡಿಲವಾಗಿರುವ ಪಾದರಸಕ್ಕೆ ಚಿನ್ನದ ಪಕ್ಕದಲ್ಲಿ ಇದಕ್ಕಿಂತ ಗಟ್ಟಿ ಬಂಧ ಸಿಗುತ್ತದೆ. ಹಾಗೆಂದು ಬಿಡಿಸಲಾರದಷ್ಟು ಗಟ್ಟಿಯೂ ಅಲ್ಲ, ಕೆಂಡದ ಬಿಸಿಗೆ ಬಿಡುತ್ತದೆ. ಹಳ್ಳದ ದಂಡೆಯಿಂದ ಹಿಡಿದು ಕೋಲಾರದ ಮಿಲ್ಲಿನವರೆಗೆ ಎಲ್ಲರೂ ಬದುಕಿದ್ದು ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ.

ಕರ್ನಾಟಕದಲ್ಲಿ ಪಾದರಸದ ದೊಡ್ಡ ಬಳಕೆಯ ಇನ್ನೊಂದು ಅಧ್ಯಾಯ ಕಾರವಾರದ ಬಿಣಗಾದಲ್ಲಿ ನಡೆಯಿತು. ಅಲ್ಲಿನ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿನ ಸೋಡಿಯಂ ಅನ್ನು ಹಿಡಿಯಲು ಪಾದರಸವೇ ಬಲೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಾರ್ಖಾನೆಯ ಬಳಿಯ ಕಡಲಿನಲ್ಲಿ ಸೇರಿದ ಪಾದರಸವನ್ನು ಅಳೆದಿತ್ತು. ದೇಶದ ಇಂಥ ಕಾರ್ಖಾನೆಗಳು ಆಮೇಲೆ ಒಂದೊಂದಾಗಿ ಪಾದರಸ ಬೇಡದ ಮೆಂಬ್ರೇನ್ ವಿಧಾನಕ್ಕೆ ತಿರುಗಿದವು. ಪಾದರಸವನ್ನು ಕಡಿವಾಣದಲ್ಲಿಡುವ ಮಿನಮಾಟಾ ಒಪ್ಪಂದ 2013ರ ಅಕ್ಟೋಬರಿನಲ್ಲಿ ಆಯಿತು, ಭಾರತ ಅದನ್ನು 2018ರ ಜೂನ್‌ನಲ್ಲಿ ಅನುಮೋದಿಸಿತು. ಹಾಗಿದ್ದೂ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಈಗಲೂ ಬರುವುದು ಆಫ್ರಿಕಾ, ದಕ್ಷಿಣ ಅಮೆರಿಕ, ಏಷ್ಯಾಗಳ ಸಣ್ಣ ಚಿನ್ನದ ಗಣಿಗಳಿಂದ. ಅಲ್ಲಿ ಕೆಂಡ, ಬಟ್ಟೆ, ಅಂಗೈಯ ಆ ಹಳೇ ವಿದ್ಯೆ ಇನ್ನೂ ನಡೆದಿದೆ. ಒಂದು ಗ್ರಾಂ ಚಿನ್ನಕ್ಕೆ ಒಂದು ಗ್ರಾಮಿಗೂ ಮಿಕ್ಕಿ ಪಾದರಸ ಕಳೆದುಹೋಗುತ್ತದೆ. ಜಮಖಂಡಿ, ಮುಧೋಳದ ಪೇಟೆಗಳಲ್ಲಿ ಬಂಗಾರದ ನೀರು ಕುಡಿಸುವುದೆಂದರೆ ಇಂದು ಬ್ಯಾಟರಿ ತಂತಿ, ಒಂದು ಬಟ್ಟಲು ದ್ರಾವಣ, ಕೆಲವು ನಿಮಿಷದ ಕೆಲಸ. ದ್ರಾವಣದಲ್ಲಿ ಚಿನ್ನ ಇರುವುದು ಬಹುಮಟ್ಟಿಗೆ ಸಯನೈಡಿನ ಜೊತೆ.

ಪಾದರಸದ ಜಾಡು ಹಿಡಿಯುವ ಕೆಲಸಕ್ಕೆ ಈಗ ನಿಂತಿರುವುದು ಚಿನ್ನವೇ. ನೀರಿನಲ್ಲಿ, ಗಾಳಿಯಲ್ಲಿ, ಮೀನಿನಲ್ಲಿ ಪಾದರಸ ಅಳೆಯುವ ಯಂತ್ರಗಳಲ್ಲಿ ಒಂದು ಗಾಜಿನ ಕೊಳವೆ, ಅದರೊಳಗೆ ಚಿನ್ನ ಲೇಪಿಸಿದ ಮರಳು. ಆವಿಯಾಗಿ ಬಂದ ಪಾದರಸ ಅದರ ಮೇಲೆ ಕೂತು ಅಮಾಲ್ಗಮ್ ಆಗುತ್ತದೆ. ಕೊಳವೆಯನ್ನು ಕಾಯಿಸಿದರೆ ಒಟ್ಟಿಗೇ ಹೊರಬಂದು, ಅತಿನೇರಳೆ ಬೆಳಕಿನ 253.7 ನ್ಯಾನೊಮೀಟರ್ ಅಲೆಯನ್ನು ಎಷ್ಟು ಹೀರಿತು ಎಂಬುದರ ಮೇಲೆ ಲೆಕ್ಕಕ್ಕೆ ಸಿಗುತ್ತದೆ. 2010ರಲ್ಲಿ ಸಿಂಗಪುರದ ವಿಜ್ಞಾನಿಗಳು ಇದಕ್ಕಿಂತ ಚಿಕ್ಕ ಬಲೆಯೊಂದನ್ನು ಪ್ರಕಟಿಸಿದರು. ಪ್ರೋಟೀನಿನೊಳಗೆ ಇಪ್ಪತ್ತೈದು ಚಿನ್ನದ ಪರಮಾಣುಗಳನ್ನು ಕೂಡಿಸಿಟ್ಟ ಗುಚ್ಛ, ಅತಿನೇರಳೆ ಬೆಳಕಿಗೆ ಕೆಂಪಗೆ ಹೊಳೆಯುವಂಥದ್ದು. ಪಾದರಸದ ಅಯಾನು ಬಂದು ಅದರ ಚಿನ್ನಕ್ಕೆ ಅಂಟಿದ ಕೂಡಲೇ ಹೊಳಪು ಆರುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮೈಕ್ರೋಗ್ರಾಮಿನ ಹತ್ತನೇ ಒಂದು ಭಾಗ ಪಾದರಸವಿದ್ದರೂ ಈ ಗುಚ್ಛ ಗುರುತಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ ಒಂದು ಮೈಕ್ರೋಗ್ರಾಂ.